ಬರೀ ಪ್ರಶ್ನೆಗಳ ಸಭೆ

ಮಿಸೆಸ್ ಊಯ್ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು, ಅಂದರೆ ಮೌನ ಶುರುವಾಯಿತು, ಇನ್ನು ಯಾರಿಗಾದರೂ ಪ್ರಶ್ನೆ ಹುಟ್ಟುವವರೆಗೆ ನಾವು ನಾಲ್ವರೂ ಹೀಗೇ ಪರದೆಯ ನಾಲ್ಕು ಚೌಕಗಳಲ್ಲಿ ಕೂತಿರಬೇಕು, ಮಲೇಷ್ಯಾದ ಸುಬಾಂಗ್ ಜಯಾದ ತಮ್ಮ ಮನೆಯಲ್ಲಿ ಅವರು, ಪೆನಾಂಗಿನ ಬಯಾನ್ ಲೆಪಾಸಿನ ಫ್ಲ್ಯಾಟಿನಲ್ಲಿ ಎಂಜಿನಿಯರ್ ಸೆಲ್ವಂ, ನಿಲಾಯ್‌ನ ಈ ಊಟದ ಮೇಜಿನೆದುರು ನಾನು, ಎದುರು ರಸ್ತೆಯ ಹಾಸ್ಟೆಲಿನಲ್ಲಿ ಶರಣ್ಯಾ — ಶರಣ್ಯಾ ನನ್ನನ್ನೇ ನೋಡುತ್ತಿದ್ದಾಳೆ, ಇಲ್ಲ, ಪರದೆಯಲ್ಲಿ ಯಾರು ಯಾರನ್ನು ನೋಡುತ್ತಾರೆ ಅಂತ ಹೇಗೆ ಹೇಳುವುದು, ನನಗೇ ಹಾಗನಿಸುತ್ತಿದೆ, ಯಾಕೆಂದರೆ ಅವಳ ಅಪ್ಪ ಇವತ್ತು ಬೆಳಿಗ್ಗೆ ಚಿತ್ರದುರ್ಗದಲ್ಲಿ ತೀರಿಕೊಂಡಿದ್ದಾರೆ, ಇಲ್ಲಿ ಕೂತವರಲ್ಲಿ ಅದು ಗೊತ್ತಿರುವುದು ನನಗೊಬ್ಬಳಿಗೇ, ಮತ್ತು ಈ ಹುಡುಗಿ ನಮ್ಮನ್ನೆಲ್ಲ ಕೂರಿಸಿಕೊಂಡಿರುವುದು ಆಸ್ಪತ್ರೆ ಸೇರಿದ ಅಪ್ಪನನ್ನು ನೋಡಲು ಊರಿಗೆ ಹೋಗಲೋ ಬೇಡವೋ ಅಂತ ತಿಳಿಯುವುದಕ್ಕೆ. ದೇವರೇ, ನಾನು ಯಾಕಾದರೂ ಫೋನು ಎತ್ತಿದೆ.

ಅಕ್ಕಾ, ನಮ್ಮೆಜಮಾನ್ರು ಹೋಗ್ಬಿಟ್ರು ಕಣಕ್ಕಾ — ಶರಣ್ಯಾಳ ಅಮ್ಮ ಹೊನ್ನಮ್ಮನ ದನಿ, ನಾನು ದೋಸೆ ಹುಯ್ಯುತ್ತಿದ್ದೆ, ಕಾವಲಿ ಮೇಲಿನ ದೋಸೆ ಅಲ್ಲೇ ಕರಿದಾಯಿತು — ಆಕ್ಸಿಜನ್ ಹಾಕಿದ್ರು, ಎಲ್ಲಾ ಮಾಡಿದ್ರು, ಆಗ್ಲಿಲ್ಲ, ಮಗೀಗೆ ಮಾತ್ರ ಹೇಳ್ಬ್ಯಾಡಿ, ರೂಮ್ನಾಗೆ ಒಬ್ಳೇ ಅವಳೆ, ಏನಾರಾ ಮಾಡ್ಕಂಡ್ರೆ ಏನ್ ಗತಿ, ಶುಕ್ರವಾರ ಪರೀಕ್ಷೆ ಮುಗೀಲಿ, ನಿಮ್ ಕಾಲಿಗ್ ಬೀಳ್ತೀನಿ. ಆಯಿತು ಅಂದೆ. ಗಂಡನನ್ನು ಕಳೆದುಕೊಂಡು ಇನ್ನೂ ಬೆಳಕು ಹರಿದಿಲ್ಲ, ಅಂಥವಳಿಗೆ ಇನ್ನೇನು ಅನ್ನಲಿ. ನನ್ನ ಗಂಡ ಸದಾನಂದ ಕೂಡ ಅದನ್ನೇ ಹೇಳಿದರು, ನಾವು ಯಾರು ಮಾರಾಯ್ತಿ ಹೇಳ್ಲಿಕ್ಕೆ, ಅದು ಅವರ ಮನೆ ವಿಷಯ, ಸಭೆಯಲ್ಲಿ ಒಂದು ಗಂಟೆ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಂಗೆ. ಆಗುವುದಿಲ್ಲ, ಇವರಿಗೂ ಗೊತ್ತು ಆಗುವುದಿಲ್ಲ ಅಂತ, ಹುಟ್ಟಿದಂದಿನಿಂದ ನಾನು ಬಾಯಿ ಮುಚ್ಚಿದವಳಲ್ಲ, ಉಡುಪಿಯ ನಮ್ಮ ಮನೆಯಲ್ಲಿ ಅಕ್ಕರೆ ಅಂದರೆ ಬುದ್ಧಿ ಹೇಳುವುದು, ತಲೆ ಒದ್ದೆ ಇಟ್ಕೊಂಡು ತಿರುಗಬೇಡ, ರಾತ್ರಿ ಮೊಸರು ತಿನ್ನಬೇಡ, ಆ ಹುಡುಗನ ಸಹವಾಸ ಬೇಡ. ಹೀಗಿದ್ದವಳು ಹೋಗಿ ಹೋಗಿ ಸೇರಿದ್ದು ಮೌನವನ್ನೇ ಪ್ರಾರ್ಥನೆ ಅನ್ನುವ ಕ್ರೈಸ್ತ ಪಂಗಡದ ಕ್ವೇಕರ್‌ಗಳನ್ನು! ಓಟ್ಸ್ ಡಬ್ಬದವರಾ ಅಂತ ಸದಾನಂದ ನಕ್ಕಿದ್ದೇ ನಕ್ಕಿದ್ದು. ಪೂಜಾರಿ ಇಲ್ಲ, ಪಾದ್ರಿ ಇಲ್ಲ, ಮಂತ್ರ ಇಲ್ಲ, ಪ್ರಸಾದವೂ ಇಲ್ಲ, ಸುತ್ತ ಕೂತು ಸುಮ್ಮನಿರುವುದು, ಒಳಗಿನಿಂದ ಮಾತು ಬಂದರೆ ಎದ್ದು ಆಡುವುದು, ಬಾರದಿದ್ದರೆ ಇಲ್ಲ. ಮೊದಲ ಲಾಕ್‌ಡೌನಿನಲ್ಲಿ ಕಾಲೇಜಿನ ಮೆಸ್ಸು ಮುಚ್ಚಿದಾಗ ಶರಣ್ಯಾಳನ್ನು ನಾನೇ ಈ ಪರದೆಗೆ ಕರೆತಂದೆ, ಆಗ ಸೆಲ್ವಂ ಪೆನಾಂಗಿನಲ್ಲಿ ಕೂತೇ ಇಲ್ಲಿನ ಮಾಮಾಕ್ ಹೋಟೆಲಿಗೆ ಹೇಳಿ ದಿನಾ ಅವಳ ಗೇಟಿಗೆ ಊಟ ತಪಾವ್, ಅಂದರೆ ಪೊಟ್ಟಣ ಕಟ್ಟಿಸಿ, ಕಳಿಸಿದ, ಯಾರೆಂದೇ ಗೊತ್ತಿಲ್ಲದ ಹುಡುಗಿಗೆ. ಒಂದು ಭಾನುವಾರ ಮೌನದ ನಡುವೆ ಅವಳು ಬಿಕ್ಕಿ ಬಿಕ್ಕಿ ಅತ್ತಳು, ಯಾರೂ ಅಳಬೇಡ ಅನ್ನಲಿಲ್ಲ, ಅವಳು ಅತ್ತು ಮುಗಿಸುವವರೆಗೆ ಎಲ್ಲರೂ ಇದ್ದರು. ಆಮೇಲೆ ನನಗೆ ಹೇಳಿದಳು, ಆಂಟಿ, ಇಲ್ಲಿ ಯಾರೂ ನಂಗೆ ಸುಳ್ಳು ಸಮಾಧಾನ ಹೇಳಲ್ಲ ಅಲ್ವಾ, ಅದಕ್ಕೇ ಬರ್ತೀನಿ.

ಯಾಕೆ ಈಗ ಅದೇ ಮಾತು ನೆನಪಾಗಬೇಕು. ಸೆಲ್ವಂ ಮೈಕು ತೆರೆದ, ಅವನ ಚೌಕದ ಸುತ್ತ ಹಳದಿ ಗೆರೆ ಹೊತ್ತಿಕೊಂಡಿತು, ಸದ್ದು ಮಾಡಿದವರ ಸುತ್ತ ಅದು ತಾನಾಗಿ ಬರುತ್ತದೆ. ಅಪ್ಪನನ್ನು ನೆನೆದರೆ ನಿನಗೆ ಮೊದಲು ಏನು ಕಾಣುತ್ತದೆ. ಎಷ್ಟು ಚೆನ್ನಾಗಿ ಕೇಳಿದ ಪುಣ್ಯಾತ್ಮ, ನಿಯಮವೇ ಹಾಗೆ, ಯಾರಾದರೂ ದಾರಿ ಕಾಣದೆ ಸಭೆ ಕರೆದರೆ ಉಳಿದವರು ಪ್ರಶ್ನೆ ಮಾತ್ರ ಹಾಕಬೇಕು, ಸಲಹೆ ಕೊಡಬಾರದು, ಉತ್ತರ ಅವಳೊಳಗೇ ಇದೆ ಅಂತ ನಂಬಬೇಕು. ಶರಣ್ಯಾ ನಗುತ್ತಾಳೆ — ಕೈ, ಅಪ್ಪಂದು ಬಸ್ ಡಿಪೋದಲ್ಲಿ ಕೆಲಸ ಅಲ್ವಾ, ಮನೆಗೆ ಬಂದ್ಬಿಟ್ಟು ಸೀಮೆಎಣ್ಣೆ ಹಾಕಿ ಗ್ರೀಸ್ ಉಜ್ತಾರೆ, ಆದ್ರೂ ಉಗುರಲ್ಲಿ ಉಳ್ಕೊಳ್ಳುತ್ತೆ, ಆ ಕೈಯಲ್ಲೇ ನಂಗೆ ತುತ್ತು ಹಾಕ್ತಾರೆ. ಹಾಕುತ್ತಾರಂತೆ. ಈಗ ಆ ಕೈ ಎಲ್ಲಿದೆಯೋ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಯಾವ ಸಾಲಿನಲ್ಲಿ ಇಟ್ಟಿದ್ದಾರೋ. ಗುರುವಾರ ಚೆನ್ನೈಗೆ ವಿಶೇಷ ವಿಮಾನವಿದೆ, ಹತ್ತಿದರೆ ಮಲೇಷ್ಯಾಗೆ ವಾಪಸು ಬಿಡುವುದಿಲ್ಲ, ಪರೀಕ್ಷೆ ಹೋಯಿತು, ನಾಲ್ಕು ವರ್ಷದ ಓದು ಹೋಯಿತು, ಹತ್ತಿ ಹೋದರೂ ಅಲ್ಲಿ — ತಡೆಯಲಾರದೆ ನಾನು ಬಾಯಿ ಹಾಕಿದೆ, ಹೋದ್ರೆ ವಾಪಸ್ ಬರ್ಲಿಕ್ಕೆ ಆಗುದಿಲ್ಲ ಅಂತ ಗೊತ್ತುಂಟಲ್ಲ ನಿಂಗೆ, ಅಂತ, ಸಭೆ ನಡೆಯುವ ಇಂಗ್ಲಿಷಿನಲ್ಲೇ. ಮಿಸೆಸ್ ಊಯ್ ಮೆಲ್ಲಗೆ, ಸರೋಜಿನಿ, ಅದು ಪ್ರಶ್ನೆ ಅಲ್ಲ ಲಾ, ಬುದ್ಧಿಮಾತಿನ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಅಂಟಿಸಿದ್ದೀಯ. ಎಲ್ಲರೂ ನಕ್ಕರು, ಶರಣ್ಯಾ ಎಲ್ಲರಿಗಿಂತ ಜೋರಾಗಿ. ನಗಬೇಡ ಪುಟ್ಟಾ, ಇವತ್ತು ನೀನು ನಗಬಾರದು, ಆಮೇಲೆ ಈ ನಗು ನೆನೆದು ನೆನೆದು ಅಳುತ್ತೀಯ.

ಮತ್ತೆ ಮೌನ. ಅಡುಗೆಮನೆ ಬಾಗಿಲಲ್ಲಿ ಸದಾನಂದ ನಿಂತಿದ್ದಾರೆ, ಕೈಯಲ್ಲಿ ಚಹದ ಲೋಟ, ನನ್ನ ಮುಖ ನೋಡಿ ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದಾರೆ. ನಾನೇನೂ ಮಾಡುತ್ತಿಲ್ಲ, ಮಾರಾಯ್ರೆ, ನೋಡಿ, ಮೈಕು ಮುಚ್ಚಿಯೇ ಇದೆ. ಓಡಿ ಹೋಗಿ ತಬ್ಬಿಕೊಳ್ಳೋಣವೆಂದರೆ ಹಾಸ್ಟೆಲಿಗೆ ಬೀಗ, ಗೇಟಿನ ಕಾವಲಿನವನು ಊಟದ ಪೊಟ್ಟಣ ಮಾತ್ರ ಒಳಗೆ ಬಿಡುತ್ತಾನೆ. ಆಗ ಶರಣ್ಯಾ ಹೇಳಿದಳು, ನಂಗೆ ಗೊತ್ತಾಯ್ತು, ನಾನ್ ಹೋಗಲ್ಲ, ಅಪ್ಪ ಆಸ್ಪತ್ರೆಗೆ ಸೇರೋ ದಿನಾನೂ ಪರೀಕ್ಷೆ ಬರಿ ಅಂತಾನೇ ಅಂದ್ರು, ಬರೀತೀನಿ, ಪಾಸಾಗಿ ಹೋಗಿ ಅವರ ಎದುರು ನಿಂತ್ಕೋತೀನಿ, ಅಲ್ಲೀವರೆಗೆ ಅಪ್ಪ ಇರ್ತಾರೆ, ನಂಗೆ ಅನ್ಸುತ್ತೆ. ಸೆಲ್ವಂ ಕಣ್ಣು ಮುಚ್ಚಿದ. ಮಿಸೆಸ್ ಊಯ್ ಕೈ ಎದೆಗೊತ್ತಿಕೊಂಡರು. ಎಷ್ಟು ತೃಪ್ತಿ ಆ ಮುಖಗಳಲ್ಲಿ, ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಹೊನ್ನಮ್ಮ ಬೇಡಿಕೊಂಡದ್ದೂ ಇದನ್ನೇ, ಹುಡುಗಿ ಇರುತ್ತಾಳೆ, ಬರೆಯುತ್ತಾಳೆ, ಎಲ್ಲ ತಾನಾಗಿ ಸರಿಹೋಯಿತು, ನಾನು ಏನೂ ಮಾಡಬೇಕಾದ್ದಿಲ್ಲ, ಸುಮ್ಮನಿದ್ದರೆ ಸಾಕು — ಸುಮ್ಮನಿದ್ದರೆ ಶುಕ್ರವಾರ ಅವಳಿಗೆ ತಿಳಿಯುತ್ತದೆ, ಆಮೇಲೆ ಇದೂ ತಿಳಿಯುತ್ತದೆ, ಸರೋಜಿನಿ ಆಂಟಿಗೆ ಅವತ್ತೇ ಗೊತ್ತಿತ್ತು, ಕಣ್ಣು ಮುಚ್ಚಿ ಕೂತಿದ್ದಳು, ಪ್ರಾರ್ಥನೆ ಮಾಡುವವಳ ಹಾಗೆ. ಆಮೇಲೆ ಅವಳು ಯಾವ ಮೌನದಲ್ಲಿ ಕೂತಾಳು, ಯಾರ ಎದುರು ಅತ್ತಾಳು. ನನಗೆ ಹೆದರಿಕೆ ಆಗುತ್ತಿದೆ, ಹೇಳಿದರೂ ಹೆದರಿಕೆ, ಹೇಳದಿದ್ದರೂ ಹೆದರಿಕೆ, ರೂಮ್ನಾಗೆ ಒಬ್ಳೇ ಅವಳೆ, ಒಬ್ಬಳೇ ಇದ್ದಾಳೆ. ಮಿಸೆಸ್ ಊಯ್ ಕನ್ನಡಕಕ್ಕೆ ಕೈ ಚಾಚಿದರು, ಇನ್ನು ಯಾರಿಗಾದರೂ ಪ್ರಶ್ನೆ ಇದೆಯಾ, ಇಲ್ಲದಿದ್ದರೆ ಮುಗಿಸೋಣ.

ಮೈಕು ತೆರೆದು, ಇದೆ, ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕನ್ನಡದಲ್ಲೇ ಕೇಳಿದೆ, ಶರಣ್ಯಾ, ಕೆಟ್ಟ ಸುದ್ದಿ ಅಂತ ಒಂದು ಇದ್ರೆ, ಅದು ನಿಂಗೆ ಯಾರಿಂದ ಗೊತ್ತಾಗ್ಬೇಕು ಮಗಾ, ಯಾವಾಗ ಗೊತ್ತಾಗ್ಬೇಕು. ಸದಾನಂದರ ಲೋಟ ಮೇಜಿನ ಮೇಲೆ ಟಕ್ಕೆಂದಿತು. ಕನ್ನಡ ತಿಳಿಯದ ಇಬ್ಬರೂ ಪರದೆಯತ್ತ ಬಾಗಿದರು. ಹಳದಿ ಗೆರೆ ನನ್ನಿಂದ ಶರಣ್ಯಾಳ ಚೌಕಕ್ಕೆ ಹೋಯಿತು, ಅವಳ ಕೋಣೆಯ ಫ್ಯಾನಿನ ಸದ್ದು ಅಷ್ಟೆ, ಮುಖದಲ್ಲಿ ನಗು ಇನ್ನೂ ಹಾಗೇ ಇದೆ, ತೆಗೆಯುವುದು ಮರೆತುಹೋದ ಹಾಗೆ, ಮೆಲ್ಲಗೆ ಹೋಗುತ್ತಿದೆ, ಹೋಯಿತು. ನಿಮ್ಮಿಂದ ಆಂಟಿ, ಅಂದಳು. ಈಗ್ಲೇ. ಹೊನ್ನಮ್ಮಾ ಕ್ಷಮಿಸು ತಾಯೀ, ನಾನು ಬಾಯಿ ತೆರೆಯುತ್ತೇನೆ, ಇನ್ನೂ ಏನೂ ಹೇಳಿಲ್ಲ, ಬರೀ ಉಸಿರು, ಆ ಉಸಿರಿಗೇ ಹಳದಿ ಗೆರೆ ಅವಳನ್ನು ಬಿಟ್ಟು ಬಂದು ನನ್ನ ಮುಖದ ಸುತ್ತ ನಿಂತಿದೆ, ಹೇಳು, ಹೇಳು ಸರೋಜಿನಿ, ನನ್ನ ಮುಖದ ಸುತ್ತ ಹಳದಿ, ನಾಲ್ಕೂ ಕಡೆ ಹಳದಿ