ಎರಡು ಪಾಳಿಯ ಉಸಿರು

"ಎದ್ದೇಳೋ ಹಂದಿ! ನಿಂಗೆ ಸಂಬಳ ಕೊಡೋದು ಗೊರಕೆ ಹೊಡೆಯೋಕಾ, ಬೋಳೀಮಗನೆ?"

ಬಕೆಟ್ಟಿನ ನೀರು ಮುಖಕ್ಕೆ ಬಿದ್ದಾಗ ರೋಲರಣ್ಣ ನಿಂತಲ್ಲೇ ನಿದ್ದೆ ಹೋಗಿದ್ದ. ಎರಡು ಕೈಯೂ ಒದ್ದೆ ಚಾದರದ ಅಂಚನ್ನು ಹಿಡಿದೇ ಇದ್ದವು; ಚಾದರದ ಇನ್ನೊಂದು ತುದಿಯನ್ನು ಕಾದ ಉರುಳೆ ಆಗಲೇ ಒಳಗೆಳೆದುಕೊಳ್ಳುತ್ತಿತ್ತು. ಇನ್ನೊಂದು ಗೇಣು ಹೋಗಿದ್ದರೆ ಬೆರಳುಗಳೂ ಹೋಗುತ್ತಿದ್ದವು. ಹಾಗೆ ನೋಡಿದರೆ ಸೂಪರ್‌ವೈಸರ್ ಬಕೆಟ್ ಎತ್ತಿದ್ದು ಪುಣ್ಯದ ಕೆಲಸವೇ. ಆದರೆ ಅವನಿಗೆ ಚಿಂತೆಯಿದ್ದದ್ದು ಚಾದರ ಸುಟ್ಟೀತೆಂದು. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ತಿರುಗುವ ಅವನನ್ನು ಕೆಲಸದವರೆಲ್ಲ ಬೆನ್ನ ಹಿಂದೆ ಸೀಟಿ ಎಂದೇ ಕರೆಯುತ್ತಿದ್ದರು.

ಅದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡು. ರಕ್ತ, ಕೀವು, ವಾಂತಿ ಅಂಟಿದ ಚಾದರಗಳು ಒಂದು ಬಾಗಿಲಿನಿಂದ ಬಂದು, ಕುದಿದು, ಹಿಂಡಿಸಿಕೊಂಡು, ಬಿಸಿ ಉರುಳೆಯಡಿ ಹಾದು, ಬೆಳ್ಳಗೆ ಮಡಿಕೆಯಾಗಿ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದವು. ಉರುಳೆಯ ಈಚೆ ನಿಂತು ಚಾದರ ತೂರಿಸುವವನು ರೋಲರಣ್ಣ, ಆಚೆ ನಿಂತು ಹಿಡಿದು ಮಡಚುವವಳು ಅವನ ಹೆಂಡತಿ. ಅವಳನ್ನು ಶೆಡ್ಡಿನ ಮಂದಿಯೆಲ್ಲ ಅಕ್ಕ ಎನ್ನುತ್ತಿದ್ದರು. ಮಧ್ಯೆ ಆಳೆತ್ತರದ ಕಬ್ಬಿಣ ಇದ್ದದ್ದರಿಂದ ಅವಳಿಗೆ ಗಂಡನ ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಸೀಟಿಗಿಂತ ಮೊದಲು ಅವಳೇ ಕೂಗುತ್ತಿದ್ದಳು.

ಗಂಡನ ಮುಖದ ನೀರನ್ನು ಅವಳು ಸೆರಗಿನಿಂದ ಒರೆಸುತ್ತಿದ್ದಾಗ ಸೀಟಿ ಹಲ್ಲು ಕಿರಿದ.

"ಏನೇ, ರಾತ್ರಿಯೆಲ್ಲ ಗಂಡನ್ನ ಮಲಗೋಕೆ ಬಿಡಲ್ವಾ ನೀನು?"

ಕೆಲವರು ನಕ್ಕರು. ಮಾತು ಹೊಲಸು, ಆದರೆ ಸುಳ್ಳಾಗಿರಲಿಲ್ಲ. ಅವಳು ನಿಜಕ್ಕೂ ಅವನನ್ನು ಮಲಗಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿದೊಡನೆ ಅವನ ಗೊರಕೆ ಶುರುವಾಗುತ್ತಿತ್ತು, ಗೋಡೆಯಾಚೆಯವರು ಗೋಡೆ ಗುದ್ದುವಂಥ ಗೊರಕೆ. ಅದಕ್ಕೆ ಅವಳು ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಗೊರಕೆ ತಟ್ಟನೆ ನಿಂತಾಗ. ಅವನ ಎದೆ ಏಳುತ್ತದೆ, ಇಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಗ ಅವಳು ಪಕ್ಕೆ ತಿವಿಯಬೇಕು. ತಿವಿದರೆ ಮುಳುಗಿ ಎದ್ದವನ ಹಾಗೆ ಗುಟುಕರಿಸಿ ಉಸಿರೆಳೆದುಕೊಂಡು ಮತ್ತೆ ಮಲಗುತ್ತಾನೆ, ಮತ್ತೆ ನಿಲ್ಲುತ್ತದೆ. ಬೆಳಗಾಗುವ ಹೊತ್ತಿಗೆ ಇಬ್ಬರೂ ಹೆಣದಂತಾಗಿರುತ್ತಿದ್ದರು. ಹಾಗಿದ್ದೂ ಕೆಲಸಕ್ಕೆ ಹೋಗಬೇಕು, ಹೊಟ್ಟೆ ಕೇಳಬೇಕಲ್ಲ.

ತಾವು ಯಾವ ಆಸ್ಪತ್ರೆಯ ಚಾದರ ಒಗೆಯುತ್ತಿದ್ದರೋ ಅದೇ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಹೋಗಿ ಅವರು ಡಾಕ್ಟರನ್ನು ಕಂಡರು. ಡಾಕ್ಟರು ಒಳ್ಳೆಯವರು, ಅವಸರದವರು. ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ, ನಿದ್ದೆ ಹತ್ತಿದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತೆ, ಮುಖಕ್ಕೆ ಮಾಸ್ಕ್ ಹಾಕಿ ಮಷಿನ್ನಿನಿಂದ ಗಾಳಿ ಒತ್ತಿದರೆ ತೆರೆದಿರುತ್ತೆ, ಇಲ್ಲದಿದ್ದರೆ ಒಂದು ದಿನ ಹೃದಯವೇ ನಿಲ್ಲಬಹುದು ಎಂದರು. ಶೆಡ್ಡಿನ ಕಂಟ್ರಾಕ್ಟರು ಎಲ್ಲರ ಸಂಬಳದಲ್ಲಿ ಇನ್ಶೂರೆನ್ಸಿಗೆಂದು ಮುರಿದುಕೊಳ್ಳುತ್ತಿದ್ದ. ಮಷಿನ್ನಿನ ಬಾಡಿಗೆಯನ್ನು ಆ ಇನ್ಶೂರೆನ್ಸೇ ಕಟ್ಟುತ್ತದೆ ಎಂದೂ ಡಾಕ್ಟರು ಹೇಳಿದರು. ಸೀಟಿಯೂ ತನ್ನ ಕಡೆಯಿಂದ ಒಂದು ಮಾತು ಸೇರಿಸಿದ್ದ. ಮಷಿನ್ ಬಂದರೆ ಉರುಳೆಗೆ ಬಾ, ಬರದಿದ್ದರೆ ಗೇಟಿನ ಆಚೆ ನಿಲ್ಲು.

ಮಷಿನ್ ಕೊಡುವ ಅಂಗಡಿಯವರು ಇನ್ಶೂರೆನ್ಸಿನವರನ್ನು ಕೇಳಿ ಎಂದರು. ಇನ್ಶೂರೆನ್ಸಿನವರು ಅಂಗಡಿಯವರನ್ನು ಕೇಳಿ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಇಬ್ಬರ ನಡುವೆ ಗಂಡಹೆಂಡತಿಯ ಚಪ್ಪಲಿ ಸವೆಯಿತು. ಕೊನೆಗೂ ಮಷಿನ್ ಬಂತು, ಮಾಸ್ಕ್ ಮಾತ್ರ ಚಿಕ್ಕದು. ರೋಲರಣ್ಣನ ಮೂಗಿಗೂ ಮೀಸೆಗೂ ಅದು ಕೂರಲೇ ಇಲ್ಲ. ಗಾಳಿ ಪಕ್ಕದಿಂದ ಪುಸ್ಸೆಂದು ಸೋರಿ ಕಣ್ಣಿಗೆ ಬಡಿಯುತ್ತಿತ್ತು. ದೊಡ್ಡದು ಕೊಡಿ ಎಂದು ಅಕ್ಕ ಕೇಳಿದ್ದಕ್ಕೆ ಅಂಗಡಿಯ ಮ್ಯಾನೇಜರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ಇನ್ಶೂರೆನ್ಸಿಗೆ ಇದೇ ಬರೋದು. ಮೀಸೆ ಬೋಳಿಸ್ಕೊಳ್ಳೋಕೆ ಹೇಳಿ, ಕೂರುತ್ತೆ."

ಹದಿನೆಂಟರಲ್ಲಿ ಬಿಟ್ಟ ಮೀಸೆ. ಅದನ್ನು ತಿರುವುತ್ತಲೇ ಅವನು ಅವಳನ್ನು ನೋಡಲು ಬಂದಿದ್ದ, ಅದನ್ನು ನೋಡಿಯೇ ಅವಳು ಒಪ್ಪಿದ್ದಳು. ಮನೆಗೆ ಬಂದು ಕನ್ನಡಿ ಮುಂದೆ ಕೂತು ಅವನೇ ಬೋಳಿಸಿಕೊಂಡ. ತಿರುಗಿ ನೋಡಿದಾಗ ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. "ನನ್ನ ಗಂಡ ಎಲ್ಲಿ, ಯಾವನಿವನು ಅಂತ ಕೇಳ್ಬೇಡ ಮತ್ತೆ" ಎಂದ ಅವನು.

ಆದರೆ ಮಾಸ್ಕ್ ಕೂತಿತು. ಅವತ್ತು ಮಲಗಿದವನು ಬೆಳಿಗ್ಗೆ ಅವಳು ಅಲುಗಾಡಿಸಿದಾಗಲೇ ಎದ್ದ. ಅವಳೂ ಮದುವೆಯಾದ ಮೇಲೆ ಮೊದಲ ಸಲ ಕಣ್ತುಂಬ ಮಲಗಿದಳು. ಕೆಲವೇ ದಿನಗಳಲ್ಲಿ ಅವನ ಮುಖಕ್ಕೆ ರಕ್ತ ಬಂತು, ಉರುಳೆಯ ಆಚೆಯಿಂದ ಹಾಡಿನ ಗುನುಗು ಕೇಳತೊಡಗಿತು. ಸೀಟಿಗೆ ಅದನ್ನೂ ಸಹಿಸಲಾಗಲಿಲ್ಲ, ಅದು ಬೇರೆ ಮಾತು.

ಅವರದು ಒಂದೇ ಕೋಣೆ, ಒಂದೇ ಮಂಚ. ಹಗಲು ಆ ಮಂಚದ ಮೇಲೆ ಮಲಗುವವನು ಅಕ್ಕನ ತಮ್ಮ. ಗೋದಾಮೊಂದರ ರಾತ್ರಿ ಕಾವಲುಗಾರ, ದಪ್ಪಗಿದ್ದುದರಿಂದ ಗುಂಡ ಎಂದೇ ಹೆಸರು. ಗಂಡಹೆಂಡತಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನು ಬರುತ್ತಿದ್ದ, ಅವರು ಬರುವ ಹೊತ್ತಿಗೆ ಹೊರಡುತ್ತಿದ್ದ. ಆ ಬೀದಿಯ ಬಹಳಷ್ಟು ಮಂಚಗಳು ಹೀಗೆಯೇ, ಆರಲು ಬಿಡುವೇ ಇರುತ್ತಿರಲಿಲ್ಲ. ಗುಂಡನ ಗೊರಕೆಯೂ ಭಾವನ ಗೊರಕೆಯ ಅಣ್ಣನೇ. ಅವನೂ ಕೂತಲ್ಲಿ ತೂಗುತ್ತಿದ್ದ, ಅವನ ಗೋದಾಮಿನವರೂ ಬೈಯುತ್ತಿದ್ದರು. ಇನ್ಶೂರೆನ್ಸ್ ಅನ್ನುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕನೇ ಮಾಸ್ಕನ್ನು ಸೋಪು ಹಾಕಿ ತೊಳೆದು, ಒರೆಸಿ, ತಮ್ಮನ ಮುಖಕ್ಕೆ ಕಟ್ಟಿದಳು. ಮಷಿನ್ ಹಗಲೆಲ್ಲ ಸುಮ್ಮನೆ ಬಿದ್ದಿರುತ್ತದಲ್ಲ ಎಂಬುದು ಅವಳ ಲೆಕ್ಕ. ಉರಿಯುವ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಡುವವಳು ಯಾರನ್ನಾದರೂ ಕೇಳುತ್ತಾಳೆಯೇ? ಇದು ತಪ್ಪು ಎಂದು ಅವಳಿಗೆ ಹೊಳೆಯಲೇ ಇಲ್ಲ. ಸಂಜೆ ಬಂದಾಗ ತಮ್ಮ ಮಂಚದ ಮೇಲೆ ಎದ್ದು ಕೂತು ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. "ಅಕ್ಕಾ, ನಿದ್ದೆ ಅಂದ್ರೆ ಇದೇನಾ?" ಎಂದು ಕೇಳಿದ. ಅಂದಿನಿಂದ ಮಷಿನ್ನಿಗೂ ಎರಡು ಪಾಳಿಯಾಯಿತು.

ಮಷಿನ್ನಿನ ಹೊಟ್ಟೆಯಲ್ಲಿ ಒಂದು ಸಿಮ್ ಇದೆಯೆಂದೂ, ಅದು ಒಂದೊಂದು ಉಸಿರಿನ ಚಾಡಿಯನ್ನೂ ಅಂಗಡಿಗೆ ಮುಟ್ಟಿಸುತ್ತದೆಂದೂ ಅವರಿಗೆ ಯಾರೂ ಹೇಳಿರಲಿಲ್ಲ.

ಸೀಟಿ ಗಂಡಹೆಂಡತಿ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದಾಗ ಮೇಜಿನ ಮೇಲೆ ಅವನ ಫೋನಿತ್ತು, ಫೋನಿನೊಳಗೆ ಅಂಗಡಿಯ ಮ್ಯಾನೇಜರನ ದನಿಯಿತ್ತು. ಪೇಷೆಂಟು ರಾತ್ರಿಯೂ ಮಲಗುತ್ತಾನೆ, ಹಗಲೂ ಮಲಗುತ್ತಾನೆ, ರಿಪೋರ್ಟ್ ಹಾಗೇ ಹೇಳುತ್ತೆ ಎಂದಿತು ದನಿ. ಸೀಟಿ ಎದ್ದು ನಿಂತ.

"ಹಗಲು ಹೊತ್ತು ಯಾವ ಮೂಲೇಲಿ ಮಲಗ್ತೀಯೋ ಕಳ್ಳ ಸೂಳೆಮಗನೆ?"

ದಿನವಿಡೀ ತನ್ನ ಕಣ್ಣೆದುರಿಗೇ ಬೆವರು ಸುರಿಸುತ್ತಿದ್ದವನು. ಸೀಟಿ ತನ್ನ ಕಣ್ಣನ್ನು ನಂಬಲಿಲ್ಲ, ಪೆಟ್ಟಿಗೆಯನ್ನು ನಂಬಿದ. ರೋಲರಣ್ಣ ಬೋಳು ತುಟಿಯನ್ನು ಉಜ್ಜಿಕೊಳ್ಳುತ್ತ ನೆಲ ನೋಡಿದ. ಅವನು ಹಾಗೆ ನಿಂತದ್ದನ್ನು ನೋಡಲಾರದೆ ಅಕ್ಕ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು, ಹಗಲು ಮಲಗೋದು ನನ್ನ ತಮ್ಮ, ಮಾಸ್ಕ್ ಕಟ್ಟಿದವಳು ನಾನು ಎಂದು. ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಸತ್ಯ ಹೇಳಿದವರ ಗತಿ ಏನೆಂದು ಯಾರೂ ಹೇಳುವುದಿಲ್ಲ.

ಅಂದೇ ಮಧ್ಯಾಹ್ನ ಅಂಗಡಿಯಿಂದ ಇಬ್ಬರು ಮನೆಗೆ ಬಂದರು. ಬೇರೆಯವನ ಬಳಕೆ, ಇನ್ಶೂರೆನ್ಸ್ ಬಂದ್ ಎಂದರು. ಮಲಗಿದ್ದ ಗುಂಡನ ಮುಖದಿಂದಲೇ ಮಾಸ್ಕ್ ಎಳೆದು, ವೈರು ಸುತ್ತಿಕೊಂಡು ಹೋದರು. ಬೀದಿಯ ಮಂದಿಯೆಲ್ಲ ಬಾಗಿಲಲ್ಲಿ ನಿಂತು ನೋಡಿದರು.

ಆಮೇಲೆ ಮ್ಯಾನೇಜರು ಅಕ್ಕನನ್ನು ಕರೆಸಿದ. ಅವನ ದನಿ ಈಗ ಮೆತ್ತಗಿತ್ತು, ಬಾಡಿಗೆ ನಿಂತರೆ ಅವನಿಗೂ ನಷ್ಟವೇ.

"ನೋಡಮ್ಮಾ, ದಾರಿ ಒಂದಿದೆ. ಇನ್ಶೂರೆನ್ಸಿನವರಿಗೆ ಫೋನ್ ಹಚ್ಚಿ ಕೊಡ್ತೀನಿ. ಅವರು ರೆಕಾರ್ಡ್ ಮಾಡ್ಕೋತಾರೆ. ನಮಗೆ ಗೊತ್ತಿಲ್ಲದ ಹಾಗೆ ನನ್ನ ತಮ್ಮ ಕದ್ದು ಉಪಯೋಗಿಸಿದ ಅಂತ ಹೇಳಿಬಿಡು. ನಾವು ಅವನ ಮೇಲೊಂದು ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ. ಅಷ್ಟೇ. ನಿನ್ನ ಗಂಡಂಗೆ ಮಷಿನ್ ವಾಪಸ್ಸು."

ಮನೆಯಲ್ಲಿ ಈ ಮಾತು ಬಂದಾಗ ಗುಂಡ ಡ್ಯೂಟಿಯ ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಹೇಳಿಬಿಡು ಎಂದ. ಭಾವನ ಜೀವಕ್ಕಿಂತ ನನ್ನ ಹೆಸರು ದೊಡ್ಡದಾ ಎಂದ. ರೋಲರಣ್ಣ ಸಿಡಿದು ಬಿದ್ದ. ಕಾವಲುಗಾರನಿಗೆ ಕಳ್ಳ ಅನ್ನೋ ಹೆಸರು ಬಂದರೆ ಯಾವ ಗೋದಾಮು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತೆ, ಅವನ ಅನ್ನ ಕಿತ್ಕೊಂಡು ನಾನು ಉಸಿರಾಡಬೇಕಾ, ಅದರ ಬದಲು ಸತ್ತು ಹೋಗ್ತೀನಿ ಎಂದ.

"ಸಾಯ್ತೀನಿ ಅನ್ನೋದು ಸುಲಭ ನಿಮಗೆ," ಎಂದಳು ಅಕ್ಕ. "ಪಕ್ಕದಲ್ಲಿ ಕೂತು ನೋಡೋಳು ನಾನು."

ಅವಳು ಮತ್ತೆ ತಿವಿಯುವ ಕೆಲಸಕ್ಕೆ ಹತ್ತಿದಳು. ಸೀಟಿ ರೋಲರಣ್ಣನನ್ನು ಉರುಳೆಯಿಂದ ತೆಗೆದು ಕೊಳೆಬಟ್ಟೆ ವಿಂಗಡಿಸುವಲ್ಲಿ ಕೂರಿಸಿದ. ವಾರದೊಳಗೆ ಮಷಿನ್ ಬರದಿದ್ದರೆ ಅಲ್ಲಿಂದಲೂ ಹೊರಗೆ. ರಕ್ತದ ಚಾದರಗಳ ರಾಶಿಯ ಮೇಲೆ ಬಾಯಿ ತೆರೆದು ಒರಗಿದವನನ್ನು ಉರುಳೆಯ ಆಚೆಯಿಂದ ಬಂದು ಅವಳೇ ಎಬ್ಬಿಸಬೇಕಾಗುತ್ತಿತ್ತು. ಒಮ್ಮೆ ಎಷ್ಟು ತಿವಿದರೂ ಏಳದೆ ತುಟಿ ನೀಲಿಗಟ್ಟಿತು. ಅವಳು ಎದೆಗೆ ಗುದ್ದಿದ ಮೇಲೆ ಎದ್ದ. ಫೋನ್ ಹಚ್ಚಿ ಕೊಡಿ, ಹೇಳುತ್ತೇನೆ ಎಂದು ಅವಳು ಅಂಗಡಿಗೆ ತಿಳಿಸಿದಳು. ಗಂಡನಿಗೆ ಮಾತ್ರ, ಬನ್ನಿ, ಅಂಗಡಿಗೆ ಹೋಗಿ ಬರೋಣ ಎಂದಷ್ಟೇ ಹೇಳಿದಳು.

ಅಂಗಡಿ ತಣ್ಣಗಿತ್ತು. ಗಾಜಿನ ಕಪಾಟುಗಳ ತುಂಬ ಮಾಸ್ಕುಗಳು, ದೊಡ್ಡವೂ ಇದ್ದವು. ಕೋಟು ತೊಟ್ಟ ಒಬ್ಬರು ತಮ್ಮ ಹೆಂಡತಿಯೊಂದಿಗೆ ಕೂತು ಪ್ರಯಾಣಕ್ಕೆ ಹಗುರವಾದ ಮಷಿನ್ ಆರಿಸುತ್ತಿದ್ದರು. ನಡುವೆ ಒಂದು ತೋರಿಕೆಯ ಮಂಚ, ಅದರ ಮೇಲೆ ಬೆಳ್ಳನೆಯ ಚಾದರ, ಚಾದರದ ಮೇಲೆ ಮಾಸ್ಕ್ ಹಾಕಿಕೊಂಡು ಸುಖವಾಗಿ ಮಲಗಿದ ಪ್ಲಾಸ್ಟಿಕ್ ಗೊಂಬೆ. ಮ್ಯಾನೇಜರು ಫೋನ್ ಹಚ್ಚಿ, ಎಲ್ಲ ಸರಿಯಾಗಿ ಹೇಳು, ತಡವರಿಸಬೇಡ ಎಂದು ಅಕ್ಕನ ಕೈಗೆ ಕೊಟ್ಟ. ಆ ಕಡೆಯಿಂದ ಹುಡುಗಿಯೊಬ್ಬಳ ಬೆಣ್ಣೆಯಂಥ ದನಿ ಬಂತು.

"ಈ ಕರೆ ರೆಕಾರ್ಡ್ ಆಗ್ತಾ ಇದೆ. ಹೇಳಿ ಮೇಡಂ."

ಅಕ್ಕ ಬಾಯಿ ತೆರೆದಳು. ನನ್ನ ತಮ್ಮ ಎನ್ನುವವರೆಗೆ ಮಾತು ಬಂತು, ಮುಂದಕ್ಕೆ ಬರಲಿಲ್ಲ. ಎಳೆಗೂಸಾಗಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಮ್ಯಾನೇಜರು ಹೇಳು ಹೇಳು ಎಂದು ಕೈಸನ್ನೆ ಮಾಡಿದ. ಅವಳು ಅವನನ್ನೊಮ್ಮೆ ನೋಡಿದಳು, ಬಾಗಿಲಿಗೊರಗಿ ಆಗಲೇ ತೂಗುತ್ತಿದ್ದ ಗಂಡನನ್ನೊಮ್ಮೆ ನೋಡಿದಳು. ಆಮೇಲೆ ಸೀದಾ ಮಂಚದ ಬಳಿ ಹೋಗಿ ಗೊಂಬೆಯ ಕಾಲು ಹಿಡಿದು ಕೆಳಕ್ಕೆಳೆದಳು. ಅದು ದಡಾರನೆ ನೆಲಕ್ಕೆ ಬಿತ್ತು.

"ರೀ, ಬಂದು ಮಲಗಿ."

"ಇಲ್ಲೇನಾ?"

"ಹೂಂ, ಇಲ್ಲೇ. ಇವರ ಮುಂದೇನೇ."

ಏಯ್, ಏನಮ್ಮಾ ಇದು, ಎಬ್ಬಿಸು ಎಂದು ಮ್ಯಾನೇಜರು ಎದ್ದು ಬರುವಷ್ಟರಲ್ಲಿ ರೋಲರಣ್ಣನಿಗೆ ನಿದ್ದೆ ಹತ್ತಿತ್ತು. ನಿದ್ದೆಗೆ ಬರಗೆಟ್ಟವನಿಗೆ ದಿಂಬು ಸಿಕ್ಕರೆ ಸಾಕು. ಗೊರಕೆ ಅಂಗಡಿಯನ್ನೆಲ್ಲ ತುಂಬಿತು. ಕೋಟಿನವರ ಹೆಂಡತಿ ಬಾಯಿಗೆ ಕರ್ಚೀಫು ಒತ್ತಿಕೊಂಡು ನಕ್ಕಳು. ಅಕ್ಕ ಫೋನನ್ನು ಗಂಡನ ಬಾಯಿಯ ಪಕ್ಕ ದಿಂಬಿನ ಮೇಲಿಟ್ಟಳು.

"ಹೇಳ್ತಿದ್ದಾರೆ ತಾಯಿ. ಕೇಳಿಸ್ಕೋ. ಎಲ್ಲಾ ರೆಕಾರ್ಡ್ ಮಾಡ್ಕೋ."

ಗೊರಕೆ ಏರಿತು, ಮುರಿಯಿತು, ನಿಂತಿತು. ನಗುತ್ತಿದ್ದವಳು ನಗು ನಿಲ್ಲಿಸಿದಳು. ರೋಲರಣ್ಣನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಹೊಟ್ಟೆ ಒಳಕ್ಕೆ ಸೆಳೆಯುತ್ತಿತ್ತು, ಬಾಯಿಯಿಂದ ಮಾತ್ರ ಒಂದು ಎಳೆ ಗಾಳಿಯೂ ಇಲ್ಲ. ಕುತ್ತಿಗೆಯ ನರಗಳು ಉಬ್ಬಿದವು. ಮೀಸೆಯಿಲ್ಲದ ತುಟಿಯ ಬಣ್ಣ ತಿರುಗತೊಡಗಿತು. ಕೋಟಿನವರು ಕುರ್ಚಿಯಿಂದ ಎದ್ದರು.

ಅಕ್ಕನ ಕೈ ತಾನಾಗಿಯೇ ಅವನ ಪಕ್ಕೆಯ ಕಡೆ ಹೋಯಿತು. ಅದನ್ನು ಅವಳು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಉಗುರು ಚರ್ಮಕ್ಕೆ ನಾಟಿದರೂ ಬಿಡಲಿಲ್ಲ.

"ಎಬ್ಬಿಸಮ್ಮಾ!" ಮ್ಯಾನೇಜರನ ದನಿ ಸೀಳಿತು. "ಸತ್ತುಗಿತ್ತು ಹೋದಾನು, ಎಬ್ಬಿಸು!"

"ಇಷ್ಟು ವರ್ಷ ನಾನೇ ಎಬ್ಬಿಸಿದೀನಿ," ಎಂದಳು. "ಈಗ ನಿನ್ನ ಪಾಳಿ. ಅಗೋ, ಆ ಮಷಿನ್ ಅಲ್ಲೇ ಇದೆ. ಹಾಕು."

ಮ್ಯಾನೇಜರು ಗೊಂಬೆಯ ಮುಖದ ಮಾಸ್ಕನ್ನು ನೋಡಿದ, ಫೋನನ್ನು ನೋಡಿದ, ನಿಂತಲ್ಲಿಂದ ಕದಲಲಿಲ್ಲ. ಅಂಗಡಿಯಲ್ಲಿದ್ದ ಎಲ್ಲರೂ ಉಸಿರು ಹಿಡಿದಿದ್ದರು. ದಿಂಬಿನ ಮೇಲಿಂದ ಆ ಬೆಣ್ಣೆಯ ದನಿ ಕೇಳಿತು.

"ಹಲೋ? ಮೇಡಂ, ಲೈನಲ್ಲಿ ಇದ್ದೀರಾ? ಏನೂ ಕೇಳಿಸ್ತಾ ಇಲ್ಲ."