ಅಚ್ಚುಕಟ್ಟಾದ ಕೋಣೆ

ಕಿಟಕಿಯ ಕೆಳಗಿನ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ನೀರಿಲ್ಲ, ಮೀನಿಲ್ಲ. ನೀರು ಎಲ್ಲಿಯವರೆಗೆ ನಿಂತಿತ್ತೆಂದು ಹೇಳುವ ಬಿಳಿಯ ಗೆರೆಯನ್ನೂ ಯಾರೋ ಉಜ್ಜಿ ತೆಗೆದಿದ್ದಾರೆ. ಪಕ್ಕದಲ್ಲಿ ಗುಳ್ಳೆ ಎಬ್ಬಿಸುವ ಪುಟ್ಟ ಪಂಪು. ಅದರ ವೈರು ಸುರುಳಿಯಾಗಿ ನೂಲಿನ ಕಟ್ಟಿನೊಳಗೆ ಕೂತಿದೆ. ತಳದಲ್ಲಿದ್ದ ಬೆಣಚುಕಲ್ಲುಗಳು ತೊಳೆದು ಒಣಗಿ ಒಂದು ಜಾಡಿ ಸೇರಿವೆ. ಮಂಚದ ಮೇಲೆ ಸುಕ್ಕಿಲ್ಲದ ಹೊದಿಕೆ. ಗೋಡೆಯ ಮೊಳೆಗಳಿಗೆ ತೂಗಲು ಏನೂ ಇಲ್ಲ. ಮಧ್ಯಾಹ್ನದ ಬಿಸಿಲು ಖಾಲಿ ತೊಟ್ಟಿಯನ್ನು ಹಾದು ಎದುರಿನ ಗೋಡೆಗೆ ಬಿದ್ದಿದೆ. ನೀರಿದ್ದಾಗ ಅಲ್ಲಿ ನಡುಗುತ್ತಿದ್ದ ಬೆಳಕು ಈಗ ಅಲುಗದ ಒಂದು ಚೌಕ.

ಆ ಕೋಣೆಯ ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು. ಹುಡುಗಿಯ ತಂದೆಯ ಅಕ್ಕ; ರೈಲು ನಿಲ್ದಾಣದ ಎದುರಿನ ಲಾಡ್ಜಿನ ಒಡತಿ. ಮೇಲಿನ ಮಹಡಿಯಲ್ಲಿ ನಲ್ಲಿ ಸೋರಿದರೆ ಅಕ್ಕ ಕೆಳಗಿನಿಂದಲೇ ಗದರಿಸಿ ನಿಲ್ಲಿಸುತ್ತಾಳೆ ಎಂದು ತಮ್ಮ ತಮಾಷೆ ಮಾಡುವಷ್ಟು ದೊಡ್ಡ ಗಂಟಲು. ಹೋದ ವಾರ ಹುಡುಗಿ ತನ್ನ ಮೀನುಗಳನ್ನೆಲ್ಲ ಬಾಟಲಿಯಲ್ಲಿ ಹಾಕಿಕೊಂಡು ಲಾಡ್ಜಿಗೆ ಬಂದಿದ್ದಳು. "ನಿನ್ನ ಕೌಂಟರ್ ಮೇಲೆ ಇಟ್ಕೋ ಅತ್ತೆ. ಅಲ್ಲಾದ್ರೆ ನೋಡೋರು ಯಾರಾದ್ರೂ ಇದ್ದೇ ಇರ್ತಾರೆ," ಎಂದಿದ್ದಳು. ಅತ್ತೆ ಹಿರಿಹಿರಿ ಹಿಗ್ಗಿದ್ದರು. ಇಂದು ತೊಟ್ಟಿಯನ್ನು ಒಯ್ಯಲು ಬಂದವರು, ಅದನ್ನು ಮುಟ್ಟಲಾರದೆ ನಿಂತುಬಿಟ್ಟರು.

ಕೋಣೆಗಳನ್ನು ಓದುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ಬಾಳುವ ಮನುಷ್ಯ ಕೋಣೆಯನ್ನು ಹರಡಿಕೊಳ್ಳುತ್ತಾನೆ. ಒದ್ದೆ ಟವೆಲನ್ನು ಕುರ್ಚಿಗೆ ಎಸೆಯುತ್ತಾನೆ, ಬಾಚಣಿಗೆ ಮರೆತು ಹೋಗುತ್ತಾನೆ, ಮರೆತದ್ದಕ್ಕೆ ಫೋನು ಮಾಡಿ ಜಗಳವನ್ನೂ ಆಡುತ್ತಾನೆ. ಬಹಳ ಹಿಂದೆ ಒಬ್ಬ ಅತಿಥಿ ಮಾತ್ರ ಹೊದಿಕೆ ಮಡಿಸಿ, ಕನ್ನಡಿ ಒರೆಸಿ, ಬೀಗದ ಕೈಯನ್ನು ಕೌಂಟರಿಗೆ ತಂದಿಟ್ಟು ಹೋಗಿದ್ದ. ಇಂಥವರನ್ನು ನೋಡಿ ಕಲಿತುಕೊಳ್ಳಿ ಎಂದು ಅತ್ತೆ ಕೆಲಸದವರಿಗೆ ಉಪದೇಶ ಮಾಡಿದ್ದರು. ಮರುದಿನ ಪೊಲೀಸರು ಅವನ ಹೆಣದ ಫೋಟೋ ಹಿಡಿದು ಬಂದರು. ಆತ ಅಲ್ಲಿಂದ ಯಾವ ಊರಿಗೂ ಹೋಗಿರಲಿಲ್ಲ.

"ನೋಡಿದ್ಯಾ ಅಕ್ಕ, ಹೇಗಿಟ್ಕೊಂಡಿದ್ದಾಳೆ?" ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ತಮ್ಮ ಬೆನ್ನ ಹಿಂದೆ ಬಂದು ನಿಂತ. ಊರಿಗೆಲ್ಲ ಔಷಧಿ ಮಾರುವ ಅಂಗಡಿಯವನು. ತನಗೆ ತಿಳಿಯದ ಕಾಯಿಲೆ ಇಲ್ಲ ಎಂಬ ನಂಬಿಕೆ ಅವನ ನಡಿಗೆಯಲ್ಲೇ ಇತ್ತು. "ನಿನ್ನ ಲಾಡ್ಜಿಗೇ ಕೆಲಸಕ್ಕೆ ಸೇರಿಸ್ಕೋಬಹುದು."

"ಅವಳ ಸ್ಕೇಟ್ಸ್ ಎಲ್ಲೋ?"

"ಎದುರುಮನೆ ಚಿಕ್ಕವಳಿಗೆ ಕೊಟ್ಟುಬಿಟ್ಟಳು, ಅತ್ತಿಗೆ," ಎಂದು ಅಡುಗೆಮನೆಯಿಂದ ತಮ್ಮನ ಹೆಂಡತಿ ಉತ್ತರಿಸಿದಳು. ಶಾಲೆಯಲ್ಲಿ ಪಾಠ ಹೇಳುವವಳು. ಶನಿವಾರವಾದ್ದರಿಂದ ಬೇಗ ಬಂದಿದ್ದಳು. "ಇರಲಿ ಅಮ್ಮ, ಅವಳಿಗಾದ್ರೂ ಉಪಯೋಗ ಆಗ್ಲಿ ಅಂದಳು. ನನಗಂತೂ ಕಣ್ಣು ತುಂಬಿ ಬಂತು."

"ಗಿಟಾರು?"

"ನಮ್ಮಣ್ಣನ ಮಗನಿಗೆ."

"ಆ ಕೆಂಪು ಜಾಕೆಟ್ಟು? ಮೈಗೆ ಅಂಟಿಸ್ಕೊಂಡೇ ಹುಟ್ಟಿದ ಹಾಗೆ ಹಾಕ್ಕೊಂಡಿರ್ತಿದ್ದಳಲ್ಲ?"

"ಅದನ್ನೂ ಯಾರೋ ಗೆಳತಿಗೆ..." ಅವಳ ದನಿ ಅಲ್ಲಿಗೆ ತುಸು ತಡವರಿಸಿತು.

ಮನೆಯಲ್ಲಿ ಹುಡುಗಿಯನ್ನು ಪಟಾಕಿ ಎನ್ನುತ್ತಿದ್ದರು. ಹದಿನೈದು ತುಂಬಿದ ಮೇಲೆ ಅವಳು ಯಾವ ಗಳಿಗೆಗೆ ಯಾವ ಬಣ್ಣ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕೂದಲು ಸರಿಯಾಗಿ ಕೂರಲಿಲ್ಲವೆಂದು ಅಳು. ಸಂಜೆಗೆ ಹೊಟ್ಟೆ ಹಿಡಿದುಕೊಂಡು ನಗು. ನಡುವೆ ಕದ ಬಡಿದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸುವಷ್ಟು ಸಿಟ್ಟು. ಕೊನೆಗೆ ತಮ್ಮ ಸ್ಕ್ರೂಡ್ರೈವರ್ ತಂದು ಕೋಣೆಯ ಚಿಲಕವನ್ನೇ ಕಿತ್ತುಹಾಕಿದ್ದ. ಅದಾಗಿ ಕೆಲವು ವಾರಗಳಿಂದ ಮನೆಯಲ್ಲಿ ಸದ್ದೇ ಇಲ್ಲ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟಿದ್ದರು.

"ಪಟಾಕಿ ತೇವ ಹಿಡೀತು ಬಿಡು," ಎಂದು ತಮ್ಮ ನಕ್ಕ. "ಬುದ್ಧಿ ಬಂತು."

ಅತ್ತೆ ಅವನತ್ತ ತಿರುಗಿದರು. "ಎಲ್ಲಿ ಅವಳು?"

"ಮೇಲೆ. ಒಣಗಿದ ಬಟ್ಟೆ ತರೋಕೆ ಹೋಗಿದ್ದಾಳೆ. ಯಾರೂ ಹೇಳದೇನೇ! ನಂಬ್ತೀಯಾ?"

ಮಂಡಿನೋವಿನಿಂದ ಲಾಡ್ಜಿನ ಮಹಡಿಗಳನ್ನೇ ಹತ್ತುವುದನ್ನು ಬಿಟ್ಟಿದ್ದ ಅತ್ತೆ, ಆ ಮೆಟ್ಟಿಲುಗಳನ್ನು ಹೇಗೆ ಏರಿದರೋ ಅವರಿಗೇ ಗೊತ್ತಾಗಲಿಲ್ಲ. ತಾರಸಿಯ ಬಾಗಿಲು ನೂಕಿದಾಗ ಬಿಸಿಲು ಕಣ್ಣಿಗೆ ರಾಚಿತು. ನೀರಿನ ಟ್ಯಾಂಕಿನ ನೆರಳಲ್ಲಿ ಹುಡುಗಿ ಕೂತಿದ್ದಳು. ಅಪ್ಪನ ಅಂಗಿಯನ್ನು ತೊಡೆಯ ಮೇಲೆ ಹರಡಿ, ತೋಳುಗಳನ್ನು ಒಳಗೆ ಮಡಿಸಿ, ಕಾಲರನ್ನು ಬೆರಳಿನಿಂದ ನೀವುತ್ತಿದ್ದಳು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಯಾಕೆ ಅತ್ತೆ, ಹೀಗೆ ಏದುಸಿರು ಬಿಡ್ತಿದ್ದೀಯ? ತೊಟ್ಟಿ ಕೆಳಗಿದೆ. ತೊಳೆದಿಟ್ಟಿದ್ದೀನಿ."

"ನೋಡಿದೆ," ಎಂದು ಅತ್ತೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತರು. ಹುಡುಗಿಯ ಮಣಿಕಟ್ಟು ಹಿಡಿದರೆ ಬೆರಳುಗಳು ಒಂದನ್ನೊಂದು ದಾಟಿ ಹೋದವು. "ಊಟ ಮಾಡಿದ್ಯಾ?"

"ಹೂಂ."

"ಸುಳ್ಳು. ನಿದ್ದೆ?"

ಅವಳು ಅಂಗಿಯ ಗುಂಡಿ ಹಾಕತೊಡಗಿದಳು.

ಅಷ್ಟರಲ್ಲಿ ಗಂಡಹೆಂಡಿರಿಬ್ಬರೂ ಮೇಲೆ ಬಂದರು. ಅತ್ತೆ ಅವರ ಕಡೆ ನೋಡಲಿಲ್ಲ. ಇಂಥದ್ದನ್ನು ಹೇಗೆ ಕೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಕೇಳಿದರು. "ಸಾಯಬೇಕು ಅನ್ನಿಸ್ತಿದ್ಯೇನೇ ಕಂದ?"

"ಅಕ್ಕ! ಬಾಯಿಗೆ ಬಂದದ್ದು ಕೇಳಬೇಡ," ಎಂದು ತಮ್ಮ ಸಿಡಿದ. "ಇಲ್ಲದ್ದನ್ನು ತಲೆಗೆ ತುಂಬ್ತಿದ್ದೀಯ. ಈ ವಯಸ್ಸೇ ಹೀಗೆ. ಹಾರ್ಮೋನು. ಎಲ್ಲ ಮಕ್ಕಳೂ..."

"ಬಾಯಿ ಮುಚ್ಚೋ. ನಾನು ಕೇಳಿದ್ದು ನಿನ್ನನ್ನಲ್ಲ."

ಹುಡುಗಿ ಕೊನೆಯ ಗುಂಡಿಯನ್ನೂ ಹಾಕಿ, ಅಂಗಿಯನ್ನು ಮಡಿಸಿಟ್ಟ ಬಟ್ಟೆಗಳ ಮೇಲೆ ಇಟ್ಟಳು. "ಸಾಯಬೇಕು ಅಂತ ದಿನಾ ಅನ್ನಿಸಲ್ಲ," ಎಂದಳು, ಯಾವುದೋ ಪಾಠ ಒಪ್ಪಿಸುವ ದನಿಯಲ್ಲಿ. "ಇರಬೇಕು ಅಂತ ಒಂದು ದಿನವೂ ಅನ್ನಿಸಲ್ಲ."

ತಾಯಿ ತಂತಿಯ ಮೇಲಿನ ಒಂದು ಸೀರೆಯನ್ನು ಹಿಡಿದುಕೊಂಡು ನಿಂತಳು. ತಮ್ಮನ ಮುಖ ಬಿಳಿಚಿಕೊಂಡಿತು. ಆದರೂ ಸೋಲು ಒಪ್ಪದ ನಾಲಿಗೆ ತನ್ನ ಪಾಡಿಗೆ ತಾನು ಆಡಿತು. "ನಾನೇ ಒಂದು ಟಾನಿಕ್ ತಂದುಕೊಡ್ತೀನಿ. ಮನಸ್ಸಿನ ಡಾಕ್ಟರ ಹತ್ತಿರ ಎಲ್ಲ ಹೋದ್ರೆ ನಾಳೆ ಊರವರು ಏನಂತಾರೆ? ನನ್ನ ಅಂಗಡಿಗೇ ಆ ಡಾಕ್ಟರ ಚೀಟಿ ಬರೋದು ಅಕ್ಕ. ಎಲ್ಲರಿಗೂ ಗೊತ್ತಾಗುತ್ತೆ."

"ನಿನ್ನ ಅಂಗಡಿಗೆ ಆ ಚೀಟಿ ತರೋರು ಮನುಷ್ಯರಲ್ವೇನೋ?"

ಉತ್ತರ ಹುಡುಗಿಯಿಂದ ಬಂತು. "ಅಪ್ಪ ಅವರನ್ನೆಲ್ಲ ಸ್ಕ್ರೂ ಸಡಿಲ ಅಂತಾರೆ ಅತ್ತೆ. ಇವತ್ತು ಎಷ್ಟು ಸ್ಕ್ರೂ ಬಂದವು ಅಂತ ಊಟಕ್ಕೆ ಕೂತಾಗ ಹೇಳ್ತಾರೆ. ನಾವೆಲ್ಲ ನಗ್ತೀವಿ." ಅವಳು ಸ್ವಲ್ಪ ಯೋಚಿಸಿ, ನ್ಯಾಯ ತಪ್ಪಬಾರದೆಂಬಂತೆ ಸೇರಿಸಿದಳು. "ನಾನೂ ನಗ್ತಿದ್ದೆ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಮಗುವೊಂದು ತಾನು ಮುಳುಗುತ್ತಿದ್ದೇನೆಂದು ಕೂಗಲು ಬಾಯಿ ತೆರೆಯುವ ಮೊದಲೇ, ಆ ಕೂಗನ್ನು ಊಟದ ಹೊತ್ತಿನ ನಗೆಚಾಟಿಕೆ ಮಾಡಿ ಬಡಿಸಿದ ಮನೆ ಇದು! ಜ್ವರ ಬಂದರೆ ಹಣೆ ಮುಟ್ಟಿ ನೋಡುವರು, ಕೆಮ್ಮು ಬಂದರೆ ಮೂರು ಬಗೆಯ ಔಷಧಿ ತರುವರು, ಮನಸ್ಸು ಕುಸಿದರೆ ಮಾತ್ರ ಮಗಳು ಸುಧಾರಿಸಿದಳೆಂದು ಹೆಮ್ಮೆಪಡುವರು.

"ಕೇಳೋ ಇಲ್ಲಿ," ಎಂದರು. "ಕೂಗಾಡೋವಾಗ ಹಾಳಾದಳು ಅಂದ್ರಿ. ಸುಮ್ಮನಾದ ಮೇಲೆ ಉದ್ಧಾರ ಆದಳು ಅಂದ್ರಿ. ಆ ಕೂಗಾಟ ಬರ್ತಿತ್ತು, ಹೋಗ್ತಿತ್ತು. ಅವಳ ಹಟ, ಅಳು, ಕದ ಬಡಿಯೋದು, ಎಲ್ಲ ಬಂದು ಹೋಗೋ ಮೋಡ. ಇದು ಬಂದಿದ್ದು ಹೋಗಿಲ್ಲ ಕಣೋ. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೆಳತಿಯರನ್ನ ಬಿಟ್ಟಳು, ಜೀವಕ್ಕೆ ಅಂಟಿದ್ದನ್ನೆಲ್ಲ ಒಂದೊಂದಾಗಿ ಹಂಚಿ ಕೂತಿದ್ದಾಳೆ. ಇಷ್ಟಾದರೂ ಡಾಕ್ಟರು ಬೇಡ ಅಂದ್ರೆ ಇನ್ಯಾವಾಗ ಬೇಕು ನಿಮಗೆ? ನನಗೂ ಹೊಡೀಬೇಕು. ಮೀನು ಇಸ್ಕೊಂಡು ಹಲ್ಲು ಕಿರಿದೋಳು ನಾನು."

ತಮ್ಮನ ಹೆಂಡತಿ ಸೀರೆಯನ್ನು ಬಿಟ್ಟು ಬಂದು ಮಗಳ ಮುಂದೆ ಕೂತಳು. ಅಷ್ಟು ವರ್ಷ ಎಷ್ಟೋ ಮಕ್ಕಳ ಮುಖ ನೋಡಿ ಪಾಠ ಹೇಳಿದವಳು ಈಗ ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ನೋಡಿದಳು. ಕಡೆಗೆ ಗಂಡನತ್ತ ತಿರುಗಿ, "ಕಾರು ತೆಗೀರಿ," ಎಂದಳು. ಅವನು ನಿಂತೇ ಇದ್ದ. "ತೆಗೀರಿ ಅಂದೆ!" ಎಂದು ಅವಳು ಕೂಗಿದ ಕೂಗಿನಲ್ಲಿ ಪಟಾಕಿ ಯಾರ ಮಗಳೆಂಬುದು ಸ್ಪಷ್ಟವಾಯಿತು.

ಕಾರು ಆಸ್ಪತ್ರೆಯ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ತಾಯಿ ಮತ್ತು ಅತ್ತೆಯ ನಡುವೆ ಕೂತ ಹುಡುಗಿ, ಸಿಗ್ನಲಿನಲ್ಲಿ ಕಾರು ನಿಂತಾಗ ಕೇಳಿದಳು. "ಮೀನಿಗೆ ಊಟ ಯಾರು ಹಾಕ್ತಾರೆ?"

"ಬಂದ ಗಿರಾಕಿಗಳೇ ಹಾಕ್ತಾರೆ. ಬಿಸ್ಕತ್ತು."

"ಬಿಸ್ಕತ್ತಾ?" ಹುಡುಗಿ ತಟ್ಟನೆ ತಿರುಗಿದಳು. "ಮೀನಿಗೆ ಬಿಸ್ಕತ್ತಾ ಅತ್ತೆ? ತಲೆ ಇದ್ಯಾ ನಿನಗೆ? ನೀರೆಲ್ಲ ಕೊಳೆಯುತ್ತೆ! ನಿನಗೆ ಕೊಟ್ಟಿದ್ದೇ ತಪ್ಪು!"

ಬೈಸಿಕೊಂಡ ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು. ಲಾಡ್ಜಿನಲ್ಲಿ ಯಾರಾದರೂ ಹಾಗೆ ಮಾತಾಡಿದ್ದರೆ ಅವರ ಪೆಟ್ಟಿಗೆ ಬೀದಿಗೆ ಬೀಳುತ್ತಿತ್ತು. ಇಂದು ಸೆರಗಿನ ತುದಿ ಕಣ್ಣಿಗೆ ಹೋಯಿತು. "ಹಾಗಾದ್ರೆ ನೀನೇ ಬಂದು ಹೇಳು ಅವರಿಗೆ," ಎಂದರು. ಹುಡುಗಿ ಮತ್ತೆ ಮುಂದಕ್ಕೆ ತಿರುಗಿದಳು. ಆ ಸಿಟ್ಟೂ ಬಂದ ಹಾಗೇ ನಂದಿತು.

ಮನೋವೈದ್ಯೆ ಕುಳ್ಳಗಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು. ತಡಮಾಡದೆ ಎಂಬ ಮಾತಿಗೆ ತಮ್ಮ ತಲೆ ತಗ್ಗಿಸಿದ. "ಈಗ ಅವಳ ಹತ್ತಿರ ನಾನೊಬ್ಬಳೇ ಮಾತಾಡಬೇಕು. ಆಮೇಲೆ ನಿಮ್ಮನ್ನ ಕರೀತೀನಿ."

ಗಂಡಹೆಂಡಿರು ಎದ್ದು ಹೊರಗೆ ಹೋದರು. ಅತ್ತೆ ಅಲುಗಲಿಲ್ಲ.

"ನೀವೂ ಅಮ್ಮ."

"ನಾನು ಸುಮ್ಮನೆ ಕೂತಿರ್ತೀನಿ. ಬಾಯೇ ಬಿಡಲ್ಲ."

ವೈದ್ಯೆ ಹುಡುಗಿಯ ಕಡೆ ನೋಡಿದರು. ಹುಡುಗಿ ನೆಲ ನೋಡುತ್ತಲೇ, "ನಿನ್ನ ಕೈಲಿ ಆಗಲ್ಲ ಅತ್ತೆ," ಎಂದಳು. "ಹೋಗು."

ಅತ್ತೆಗೆ ಮತ್ತೆ ಸಿಟ್ಟೇರಿತು. ಮೆಟ್ಟಿಲು ಹತ್ತಿದವಳು ನಾನು, ಕೇಳಿದವಳು ನಾನು, ಈಗ ಹೊರಗೆ ಕೂರುವವಳೂ ನಾನೇ! ಆ ಮಾತು ನಾಲಿಗೆಯ ತುದಿಗೆ ಬಂದಾಗ ಕಣ್ಣು ಕೋಣೆಯ ಬಾಗಿಲಿನ ಮೇಲೆ ಬಿತ್ತು. ಅದಕ್ಕೊಂದು ಗಟ್ಟಿಯಾದ ಚಿಲಕವಿತ್ತು. ಚಿಲಕ ಕಿತ್ತ ಮನೆಯಲ್ಲಿ ಇಷ್ಟು ದಿನ ಈ ಮಗು ಎಲ್ಲಿ ಕೂತು ಅತ್ತಿತೋ ಎಂಬ ಯೋಚನೆ ಆಗ ಮೊದಲ ಸಲ ಬಂತು. ಬಂದ ಮಾತನ್ನು ನುಂಗಿಕೊಂಡು, ಮಂಡಿಗೆ ಕೈಯೂರಿ ಎದ್ದರು. ಹುಡುಗಿಯ ತಲೆ ಸವರಲು ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ತಮ್ಮ ಮುಖ ಮುಚ್ಚಿಕೊಂಡು ಕೂತಿದ್ದ. ಅವನಿಗೆ ಹೇಳಬೇಕಾದದ್ದು ಇನ್ನೂ ಬಹಳ ಇತ್ತು. ಅತ್ತೆ ಒಂದನ್ನೂ ಬಿಡುವವರಾಗಿರಲಿಲ್ಲ. ಅವರು ಹೊಸ್ತಿಲು ದಾಟಿದರು. ಒಳಗಿನಿಂದ ಯಾರೋ ಎದ್ದು ಬಂದ ಹೆಜ್ಜೆ ಕೇಳಿಸಿತು, ಮತ್ತು ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.