ಮೂರು ಕ್ಯಾನು, ಒಂದು ಮೂಗು

ಮೂಗಣ್ಣನ ಮೂಗಿನ ಪ್ರತಾಪವನ್ನು ಪೂರ್ತಿ ಹೇಳಹೊರಟರೆ ಕೇಳುವವರ ಗಡ್ಡ ಬೆಳೆದು ನೆಲ ಮುಟ್ಟೀತು. ಪೆಟ್ರೋಲ್ ಕ್ಯಾನಿನ ಮುಚ್ಚಳ ಅರ್ಧ ಸುತ್ತು ಬಿಚ್ಚಿದರೆ ಸಾಕು, ಅದು ಯಾವ ಬಂಕಿನದು, ತುಂಬಿಸಿ ಎಷ್ಟು ದಿನವಾಯಿತು, ಎಣ್ಣೆ ಬೆರೆಸಿದೆಯೋ ಇಲ್ಲವೋ, ಬೆರೆಸಿದ್ದರೆ ಲೀಟರಿಗೆ ಎಷ್ಟು ಮಿಲಿ, ಪೈಪು ಹಿಡಿದಿದ್ದವನು ಅವತ್ತು ಹಲ್ಲುಜ್ಜಿದ್ದನೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಮ್ಮೆ ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದ ಸ್ಕೂಟರಿನ ಟ್ಯಾಂಕಿಗೆ ನೀರು ಸೇರಿದೆ ಎಂದು ಈ ತುದಿಯಲ್ಲಿ ಕೂತೇ ಹೇಳಿದ್ದನಂತೆ. ಸ್ಕೂಟರು ತಿರುವು ದಾಟುವ ಮೊದಲೇ ನಿಂತುಹೋಯಿತಂತೆ. ಇಂಥ ಮೂಗನ್ನು ಹೆತ್ತ ತಾಯಿಗೆ ಹೆಸರಿಟ್ಟು ಕರೆಯುವ ಅಗತ್ಯವೇ ಬೀಳಲಿಲ್ಲ. ಊರಿಗೆಲ್ಲ ಅವನು ಮೂಗಣ್ಣ.

ಮೂಗಣ್ಣನ ಕೆಲಸ ಮೈದಾನದ ಯಂತ್ರಗಳನ್ನು ನೋಡಿಕೊಳ್ಳುವುದು. ಗ್ಯಾಲರಿಯ ಮೆಟ್ಟಿಲ ಕೆಳಗಿನ ತಗಡಿನ ಕೋಣೆಯಲ್ಲಿ ಎರಡು ಯಂತ್ರಗಳಿದ್ದವು. ಒಂದು, ತಳ್ಳಿಕೊಂಡು ಹೋಗುವ ಹುಲ್ಲು ಕತ್ತರಿಸುವ ಯಂತ್ರ. ಅದಕ್ಕೆ ಬರೀ ಪೆಟ್ರೋಲ್, ಅದೂ ತಾಜಾ. ಇನ್ನೊಂದು, ಹೆಗಲಿಗೆ ನೇತುಹಾಕಿಕೊಂಡು ಅಂಚು ಸವರುವ ಯಂತ್ರ. ಅದಕ್ಕೆ ಲೀಟರಿಗೆ ಇಪ್ಪತ್ತು ಮಿಲಿ ಎಣ್ಣೆ ಬೆರೆಸಿದ ಪೆಟ್ರೋಲೇ ಆಗಬೇಕು. ಎಣ್ಣೆಯಿಲ್ಲದೆ ಕುಡಿಸಿದರೆ ಒಳಗಿನ ಪಿಸ್ಟನ್ ಕಾದು ಕಚ್ಚಿಕೊಂಡು ಸತ್ತೇ ಹೋಗುತ್ತದೆ. ಗೋಡೆಗೆ ಒರಗಿಸಿ ಮೂರು ಕ್ಯಾನುಗಳು: ಒಂದರಲ್ಲಿ ತಾಜಾ ಪೆಟ್ರೋಲ್, ಒಂದರಲ್ಲಿ ಎಣ್ಣೆ ಬೆರೆಸಿದ್ದು, ಒಂದರಲ್ಲಿ ಬಿಡಿಭಾಗ ತೊಳೆಯಲೆಂದು ಇಟ್ಟ ಆರು ತಿಂಗಳ ಹಳೆಯದು. ಮೂರೂ ಒಂದೇ ಅಳತೆ, ಒಂದೇ ನೀಲಿ ಬಣ್ಣ. ಒಂದಕ್ಕೂ ಗುರುತಿಲ್ಲ. ಬಣ್ಣ ಹಾಕಿದ ಎಣ್ಣೆ ಅಂಗಡಿಯಲ್ಲಿ ಸಿಗುತ್ತಿದ್ದರೂ ಹುಡುಕಿ ಹುಡುಕಿ ಬಣ್ಣವಿಲ್ಲದ್ದನ್ನೇ ತರುತ್ತಿದ್ದ. ಬಣ್ಣ ನೋಡಿ ಹೇಳುವುದರಲ್ಲಿ ಏನು ದೊಡ್ಡಸ್ತಿಕೆ?

ಆ ದಿನ ಬೆಳಗ್ಗೆ ಒಂಬತ್ತಕ್ಕೆ ಅವನ ತಂಗಿ ಕೋಣೆಯ ಬಾಗಿಲಲ್ಲಿ ನಿಂತಳು. ಮೈದಾನದ ಉಸ್ತುವಾರಿ ಅವಳದು. ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್ ಈ ಮೈದಾನದಲ್ಲಿ ನಡೆಯಬೇಕೆಂದು ಆರು ವರ್ಷ ಅರ್ಜಿ ಬರೆದೂ ಬರೆದೂ ಅವಳ ಬೆರಳು ಪೆನ್ನಿನ ಆಕಾರಕ್ಕೆ ತಿರುಗಿಕೊಂಡಿದ್ದವು. ಈ ವರ್ಷ ಒಪ್ಪಿಗೆ ಬಂದಿತ್ತು, ಒಂದು ಷರತ್ತಿನ ಮೇಲೆ. ಸಂಜೆ ನಾಲ್ಕಕ್ಕೆ ಅಳತೆಯವನು ಬರುತ್ತಾನೆ. ಹುಲ್ಲು ಎಲ್ಲಿಯೂ ಎರಡು ಬೆರಳಿಗಿಂತ ಎತ್ತರ ಇರಕೂಡದು. ಇದ್ದರೆ ಪಂದ್ಯ ಬೇರೆ ಮೈದಾನಕ್ಕೆ.

"ಅಣ್ಣ, ಅರ್ಧ ಮೈದಾನ ನಿನ್ನೆನೇ ಆಗಿದೆ. ಇನ್ನರ್ಧ, ಆಮೇಲೆ ಸುತ್ತಲಿನ ಅಂಚು. ಆಗುತ್ತಲ್ವಾ?"

"ಆಗುತ್ತಾ ಅಂತ ಕೇಳ್ತೀಯಾ? ಊಟದ ಹೊತ್ತಿಗೆ ಮುಗಿಸಿ, ಪಕ್ಕದ ಮೈದಾನದವರಿಗೂ ಒಂದಿಷ್ಟು ಕತ್ತರಿಸಿಕೊಟ್ಟು ಬರ್ತೀನಿ ನೋಡ್ತಿರು."

"ದನಿ ಯಾಕೋ ಒಂಥರಾ ಇದೆಯಲ್ಲ? ನೆಗಡಿನಾ?"

"ಧೂಳು," ಎಂದ ಮೂಗಣ್ಣ.

ಧೂಳಲ್ಲ. ಮೂರು ದಿನದಿಂದ ಅವನ ಮೂಗು ಸಿಮೆಂಟು ಮೆತ್ತಿದ ಹಾಗೆ ಮುಚ್ಚಿಕೊಂಡಿತ್ತು. ತಂಗಿ ಅತ್ತ ಹೋದ ಮೇಲೆ ಮೊದಲ ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದರ ಬಾಯಿಗೆ ಮೂಗನ್ನೇ ತುರುಕಿ ಎದೆ ಬಿರಿಯುವಂತೆ ಎಳೆದ. ಕಣ್ಣಲ್ಲಿ ನೀರು ಬಂತು, ತಲೆ ಗಿರ್ರೆಂದಿತು, ವಾಸನೆ ಮಾತ್ರ ಬರಲಿಲ್ಲ. ನಲವತ್ತು ವರ್ಷ ತನ್ನ ಜೊತೆಗಿದ್ದ ಅಂಗ ಹೀಗೆ ಹೇಳದೆ ಕೇಳದೆ ರಜೆ ಹಾಕಿ ಹೋದದ್ದು ಅವನಿಗೆ ಸಹಿಸಲಾಗಲಿಲ್ಲ. ಯಾರನ್ನಾದರೂ ಕರೆದು ಮೂಸಿಸಬಹುದಿತ್ತು. ಕರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಎಡಗಡೆಯದೇ ತಾಜಾ ಎಂದು ಮನಸ್ಸು ಹೇಳಿತು. ಮನಸ್ಸಿಗೂ ನೆಗಡಿಯಾಗಿತ್ತೋ ಏನೋ.

ಎಡಗಡೆಯದನ್ನು ತಳ್ಳುವ ಯಂತ್ರಕ್ಕೆ ಹುಯ್ದು ದಾರ ಎಳೆದ. ಶುರುವಾಯಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹೊಗೆ ಏಳತೊಡಗಿತು. ಅದೇನು ಸಾಮಾನ್ಯ ಹೊಗೆಯೇ! ಗೋಲುಗಂಬಗಳು ಕಾಣಿಸದಾದವು, ಆಕಾಶದ ಕಾಗೆಗಳು ದಾರಿ ತಪ್ಪಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಇನ್ನೆರಡು ಸಾಲು ತಿಣುಕಿ ಯಂತ್ರ ಕೆಮ್ಮಿ ನಿಂತಿತು. ಪ್ಲಗ್ ಬಿಚ್ಚಿ ನೋಡಿದರೆ ಕಾಡಿಗೆಯ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕಪ್ಪು.

ತಂಗಿಯ ಗಂಡ ಬಸ್ಸಿನ ಡ್ರೈವರು. ಅವತ್ತು ಅವನಿಗೆ ರಜೆ. ಗ್ಯಾಲರಿಯಲ್ಲಿ ಕಾಲು ಚಾಚಿ ಕೂತು ಎಲ್ಲವನ್ನೂ ನೋಡುತ್ತಿದ್ದ.

"ಭಾವಾ, ಸೊಳ್ಳೆಗೆ ಹೊಗೆ ಹಾಕ್ತಿದೀರಾ?"

"ಪ್ಲಗ್ ಹಾಳಾಗಿದೆ ಕಣಯ್ಯಾ."

"ನಿನ್ನೆ ಇದೇ ಪ್ಲಗ್ಗಲ್ಲಿ ಅರ್ಧ ಮೈದಾನ ಆಯ್ತಲ್ಲ?"

"ಬಸ್ಸು ಓಡಿಸೋನಿಗೆ ಇದೆಲ್ಲ ಅರ್ಥ ಆಗಲ್ಲ. ನಿಂದು ಡೀಸೆಲ್ ತಲೆ."

"ಡೀಸೆಲ್ ಆದ್ರೂ ದಿನಾ ಸ್ಟಾರ್ಟ್ ಆಗುತ್ತೆ ಭಾವಾ," ಎಂದು ಅವನು ಕಾಲು ಬದಲಿಸಿ ಕೂತ.

ಎಡಗಡೆಯದರಲ್ಲಿ ಎಣ್ಣೆಯಿದೆ ಎಂದು ಒಪ್ಪಿಕೊಂಡಿದ್ದರೆ ಕಥೆ ಅಲ್ಲಿಗೇ ಅರ್ಧ ಸುಧಾರಿಸುತ್ತಿತ್ತು. ಮೂಗಣ್ಣ ಒಪ್ಪಿಕೊಳ್ಳಲಿಲ್ಲ. ಪ್ಲಗ್ ಉಜ್ಜಿ ಬಿಸಿಲಿಗಿಟ್ಟು, ಅಷ್ಟರಲ್ಲಿ ಅಂಚಾದರೂ ಮುಗಿಯಲಿ ಎಂದು ಹೆಗಲಿನ ಯಂತ್ರಕ್ಕೆ ನಡುವಿನ ಕ್ಯಾನಿನದನ್ನು ತುಂಬಿದ. ಒಂದೇ ಎಳೆತಕ್ಕೆ ಅದು ಗರ್ಜಿಸಿ ಎದ್ದಿತು. ಅಂಥ ಓಟವನ್ನು ಅದು ಹುಟ್ಟಿದಾಗಿನಿಂದ ಓಡಿರಲಿಲ್ಲ. ಹುಲ್ಲು ಹೆದರಿ ತಾನಾಗಿಯೇ ಮಲಗುತ್ತಿತ್ತು. ಮೂಗಣ್ಣ ಗ್ಯಾಲರಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಆರನೆಯ ನಿಮಿಷಕ್ಕೆ ಯಂತ್ರದ ದನಿ ಕಿರುಚಾಟವಾಯಿತು. ಏಳನೆಯ ನಿಮಿಷಕ್ಕೆ ಕಟ್ ಎಂದು ನಿಂತಿತು. ದಾರ ಹಿಡಿದು ಎಳೆದರೆ ಬರಲೇ ಇಲ್ಲ. ಕಲ್ಲಿಗೆ ಕಟ್ಟಿದ ಹಾಗಿತ್ತು. ಕಾದ ಲೋಹವನ್ನು ಮುಟ್ಟಿ ಬೆರಳು ಸುಟ್ಟುಕೊಂಡ. ಮುಟ್ಟುವ ಮೊದಲೇ ಅವನಿಗೆ ಗೊತ್ತಾಗಿತ್ತು. ಎಣ್ಣೆಯಿಲ್ಲದ ಪೆಟ್ರೋಲ್. ಪಿಸ್ಟನ್ ಕಚ್ಚಿಕೊಂಡಿತ್ತು. ಎಂಟು ವರ್ಷ ಮಗುವಿನ ಹಾಗೆ ಸಾಕಿದ ಯಂತ್ರವನ್ನು ಏಳು ನಿಮಿಷದಲ್ಲಿ ತನ್ನ ಕೈಯಾರೆ ಮುಗಿಸಿದ್ದ.

ಆಮೇಲೆ ಅವನು ಮಾಡಿದ್ದನ್ನು ಬೇರೆ ಯಾವ ಮೆಕ್ಯಾನಿಕನೂ ಮಾಡಲಾರ. ಗಾಬರಿಯಲ್ಲಿ ಮೂರೂ ಕ್ಯಾನುಗಳನ್ನು ಅಂಗಳಕ್ಕೆ ತಂದ. ತಳ್ಳುವ ಯಂತ್ರದ ಟ್ಯಾಂಕಿನಲ್ಲಿದ್ದ ಎಣ್ಣೆ ಬೆರೆತದ್ದನ್ನು ಬಸಿದು, ಅದು ಬಂದ ಕ್ಯಾನಿಗೇ ವಾಪಸ್ ಹುಯ್ಯಬೇಕು ಎಂದುಕೊಂಡ. ಅಂಗಳಕ್ಕೆ ಬಂದ ಕ್ಯಾನುಗಳಿಗೆ ಎಡ ಬಲ ಎಲ್ಲಿಯದು? ಹುಯ್ದದ್ದು ತಾಜಾ ಪೆಟ್ರೋಲಿನೊಳಕ್ಕೆ. ಹೀಗೆ ಇದ್ದ ಒಂದೇ ಒಂದು ಒಳ್ಳೆಯ ಕ್ಯಾನನ್ನೂ ಕೆಡಿಸಿ, ಉಳಿದ ಎರಡರಲ್ಲಿ ಒಂದನ್ನು ಯಂತ್ರಕ್ಕೆ ತುಂಬಿ ದಾರ ಎಳೆಯಲು ನಿಂತ.

ಎಳೆದ. ಎಳೆದ. ಮತ್ತೂ ಎಳೆದ. ಅಷ್ಟು ಸಲ ಬಾವಿಯಿಂದ ಸೇದಿದ್ದರೆ ಮೈದಾನ ಕೆರೆಯಾಗುತ್ತಿತ್ತು. ಬಲ ರಟ್ಟೆ ಬಿದ್ದುಹೋಯಿತು, ಎಡಗೈಯಲ್ಲಿ ಎಳೆದ. ಯಂತ್ರ ಒಂದು ಸಲವೂ ಗುಕ್ ಎನ್ನಲಿಲ್ಲ. ಅದಕ್ಕೊಂದು ಒದೆ ಕೊಟ್ಟ, ನೋವಾದದ್ದು ಕಾಲಿಗೆ. ಬಂಕಿನವನನ್ನು ಬೈದ, ಯಂತ್ರ ಮಾಡಿದವನನ್ನು ಬೈದ, ಹುಲ್ಲು ಕಂಡುಹಿಡಿದವನನ್ನೂ ಬಿಡಲಿಲ್ಲ.

ಒಂದೂವರೆಗೆ ತಂಗಿ ಬಂದಳು. ನಿಂತ ಯಂತ್ರ, ಸತ್ತ ಯಂತ್ರ, ಕೆಂಪಗಾದ ಅಣ್ಣನ ಮುಖ, ಮೂರನ್ನೂ ನೋಡಿದಳು.

"ಅಣ್ಣ, ಸರಿಯಾಗಿ ಹೇಳು. ವಾಸನೆ ಬರ್ತಿದೆಯಾ, ಇಲ್ವಾ?"

"ಬರ್ತಿದೆ. ಸ್ವಲ್ಪ... ದೂರದಿಂದ ಬರ್ತಿದೆ."

"ಅಣ್ಣ!"

"ಇಲ್ಲ ಕಣೇ," ಎಂದು ಮೂಗಣ್ಣ ಯಂತ್ರದ ಪಕ್ಕ ಕುಕ್ಕರುಬಡಿದ. "ಮೂರು ದಿನ ಆಯ್ತು."

ಅವಳು ಕಚೇರಿಯಿಂದ ಒಂದು ಬಿಳಿ ಹಾಳೆ ತಂದು, ಮೂರೂ ಕ್ಯಾನುಗಳಿಂದ ಒಂದೊಂದು ಚಮಚ ಅದರ ಮೇಲೆ ಬೇರೆ ಬೇರೆ ಕಡೆ ಹುಯ್ದು ಬಿಸಿಲಿಗೆ ಹಿಡಿದಳು. ಪೆಟ್ರೋಲ್ ಆರಿತು. ಬರೀ ಪೆಟ್ರೋಲಾದರೆ ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ಒಂದು ಕಡೆ ದಪ್ಪ ಜಿಡ್ಡಿನ ಉಂಗುರ, ಇನ್ನೊಂದು ಕಡೆ ತೆಳು ಜಿಡ್ಡಿನ ಉಂಗುರ ಉಳಿದವು. ಮೂರನೆಯ ಕಡೆ ಅಂಟಂಟು ಹಳದಿ ಕಲೆ, ಅದರ ನಡುವೆ ಆರದ ಒಂದು ಹನಿ ನೀರು. ಆರು ತಿಂಗಳಲ್ಲಿ ಆ ಪೆಟ್ರೋಲ್ ಗಾಳಿಯ ತೇವ ಕುಡಿದು ಕೂತಿತ್ತು. ಯಂತ್ರದ ಟ್ಯಾಂಕಿನಲ್ಲಿದ್ದದ್ದೂ ಅದೇ.

"ಇಷ್ಟೇನಾ?" ಎಂದ ಡ್ರೈವರು, ಮೆಟ್ಟಿಲಿಳಿದು ಬಂದು. "ಒಂದು ಹಾಳೆ ಸಾಕಾಗಿತ್ತಾ ಭಾವಾ?"

ಮೂಗಣ್ಣನಿಗೂ ಅದು ಗೊತ್ತಿತ್ತು. ಹಾಳೆಯ ಪರೀಕ್ಷೆಯನ್ನು ತಂಗಿಗೆ ಕಲಿಸಿದವನೇ ಅವನು. ಅದು ಮೂಗಿಲ್ಲದವರಿಗೆ ಎಂದು ಹೇಳಿ ಕಲಿಸಿದ್ದ.

"ಈಗ ನಗಬೇಡಿ ನೀವು," ಎಂದಳು ತಂಗಿ ಗಂಡನಿಗೆ. "ಸ್ಕೂಟರ್ ತಗೊಂಡು ಬಂಕಿಗೆ ಹೋಗಿ. ಹೊಸ ಕ್ಯಾನ್ ತಗೊಳ್ಳಿ, ಇದ್ರಲ್ಲಿ ಯಾವುದನ್ನೂ ಮುಟ್ಟಬೇಡಿ."

ಡ್ರೈವರು ಹೋದ. ಬಂಕಿನಲ್ಲಿ ಸಾಲು. ಮೂಗಣ್ಣ ಟ್ಯಾಂಕು ಬಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪ್ಲಗ್ಗನ್ನು ಕನ್ನಡಿಯಂತೆ ತಿಕ್ಕಿದ. ನಿಮಿಷಕ್ಕೆ ಹತ್ತು ಸಲ ಗೇಟಿನ ಕಡೆ ನೋಡಿದ. ಹೊಸ ಪೆಟ್ರೋಲ್ ಬಂದಾಗ ಎರಡೂ ಮುಕ್ಕಾಲು. ಮೂರಕ್ಕೆ ಯಂತ್ರ ಎರಡನೆಯ ಎಳೆತಕ್ಕೇ ಶುರುವಾಯಿತು, ಏನೂ ಆಗಿಯೇ ಇಲ್ಲವೆಂಬಂತೆ. ಅದು ಅವನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಅವನು ಓಡುತ್ತ ತಳ್ಳಿದ. ತಂಗಿ, ಅವಳ ಗಂಡ ಮಂಡಿಯೂರಿ ಕೈಕತ್ತರಿಯಲ್ಲಿ ಅಂಚು ಸವರುತ್ತ ಹೋದರು. ನಾಲ್ಕು ಗಂಟೆಗೆ, ಒಂದು ಸೆಕೆಂಡ್ ಆಚೆಯೂ ಇಲ್ಲ ಈಚೆಯೂ ಇಲ್ಲ, ಅಳತೆಯವನು ಸ್ಟೀಲಿನ ಪಟ್ಟಿ ಹಿಡಿದು ಒಳಗೆ ಬಂದ. ಬಡಕಲು ಮನುಷ್ಯ, ಪಟ್ಟಿಗೂ ಅವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕತ್ತರಿಸಿದ ಕಡೆಯೆಲ್ಲ ಪಟ್ಟಿ ಊರಿ ತಲೆಯಾಡಿಸಿದ. ಆಮೇಲೆ ಮೂಲೆಗೆ ಬಂದ. ಮೈದಾನದ ಕಾಲು ಭಾಗ ಹಾಗೇ ಇತ್ತು. ಪಟ್ಟಿ ಐದು ಬೆರಳು ಮುಳುಗಿತು.

"ಸಾರ್, ಇನ್ನೊಂದು ಗಂಟೆ," ಎಂದಳು ತಂಗಿ.

"ನಾಲ್ಕು ಅಂದ್ರೆ ನಾಲ್ಕಮ್ಮಾ. ಪಂದ್ಯ ಬೇರೆ ಕಡೆ ಹೋಗುತ್ತೆ. ನಾನಿನ್ನು ಬರೀಬೇಕಾದ್ದು ಕಾರಣ ಮಾತ್ರ. ಮೈದಾನ ಅಯೋಗ್ಯ ಅಂತ ಬರೆದ್ರೆ ಮೂರು ವರ್ಷ ಅರ್ಜಿ ಹಾಕೋ ಹಾಗಿಲ್ಲ. ಸಿಬ್ಬಂದಿ ತಪ್ಪು ಅಂತಾದ್ರೆ ಮುಂದಿನ ವರ್ಷ ಹಾಕಬಹುದು. ಆದರೆ ತಪ್ಪು ಮಾಡಿದವರೇ ಕಾರಣ ಬರೆದು ಸಹಿ ಹಾಕಬೇಕು. ಅದನ್ನ ಹೊರಗಡೆ ಬೋರ್ಡಿಗೂ ಅಂಟಿಸ್ತಾರೆ."

ತಂಗಿ ಅಣ್ಣನ ಕಡೆ ನೋಡಲಿಲ್ಲ. ಕೈಕತ್ತರಿಯ ಅಲಗಿಗೆ ಅಂಟಿದ್ದ ಹುಲ್ಲನ್ನು ಬೆರಳಿನಿಂದ ಬಿಡಿಸುತ್ತ ನಿಂತಳು.

"ಕೊಡಿ," ಎಂದು ಮೂಗಣ್ಣ ಕೈ ಚಾಚಿದ.

ಫಾರಂ ಅನ್ನು ಯಂತ್ರದ ಮೇಲಿಟ್ಟು ಬರೆದ. ಅಳತೆಯವನು ಓದಿದ.

"'ಇಂಧನದಲ್ಲಿ ವ್ಯತ್ಯಾಸವಾಯಿತು.' ಯಾರಿಂದ? ಹೀಗೆ ಬರೆದ್ರೆ ನಡೆಯಲ್ಲ."

ಮೂಗಣ್ಣ ಹಲ್ಲು ಕಚ್ಚಿ ಅದನ್ನು ಹೊಡೆದುಹಾಕಿದ. ಮತ್ತೆ ಬರೆದ. ಅಳತೆಯವನು ಮತ್ತೆ ಓದಿದ.

"'ಆರೋಗ್ಯ ಸರಿಯಿರಲಿಲ್ಲ.' ಏನಾಗಿತ್ತು? ಆಸ್ಪತ್ರೆ ಚೀಟಿ ಇದೆಯಾ?"

"ಬಿಡಿಸಿ ಬರಿ ಅಣ್ಣ," ಎಂದಳು ತಂಗಿ, ಇನ್ನೂ ಕತ್ತರಿಯನ್ನೇ ನೋಡುತ್ತ.

ಮೂಗಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೂಗು ಕಟ್ಟಿತ್ತು, ಎಂದು ಶುರುಮಾಡಿದ. ಯಾರಿಗೂ ಹೇಳಲಿಲ್ಲ. ಕ್ಯಾನುಗಳಿಗೆ ಗುರುತು ಹಾಕಿರಲಿಲ್ಲ. ಯಾವುದು ಯಾವುದೆಂದು ಗೊತ್ತಿಲ್ಲದೆ ಗೊತ್ತಿದ್ದವನಂತೆ ತುಂಬಿಸಿದೆ. ಒಂದು ಯಂತ್ರ ಸತ್ತಿತು. ಕೊಟ್ಟ ಜಾಗ ಮುಗಿಯಿತು. ಹಾಳೆ ತಿರುಗಿಸಿ ಹಿಂದೆಯೂ ಬರೆದ. ಜೀವಮಾನದಲ್ಲಿ ಒಂದೇ ಒಂದು ಸಲ, ಒಂದಕ್ಕೆ ಹತ್ತು ಸೇರಿಸದೆ.